ಸೀಲಿಂಗ್ ಫ್ಯಾನ್ ಆರಿಸಿದ ಮೇಲೆ

ನಮ್ಮ ಕಡೆ ಕಂಪ್ಯೂಟರ್ ಸದ್ದು ಮಾಡುತ್ತೆ ಅಂತ ದೂರುವವರು ಕಡಿಮೆ. ದೂರಬೇಕಾದರೆ ಮೊದಲು ಅದು ಕಿವಿಗೆ ಬೀಳಬೇಕಲ್ಲ. ಫೆಬ್ರವರಿ ಕೊನೆಯಿಂದ ಮೇ ಮುಗಿಯುವವರೆಗೆ ತಲೆಯ ಮೇಲೆ ಸೀಲಿಂಗ್ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ. ಕೆಳಗೆ ಬೀದಿಯಲ್ಲಿ ಆಟೋ, ಪಕ್ಕದ ಮನೆಯಲ್ಲಿ ಮಿಕ್ಸಿ. ಇದರ ನಡುವೆ ಮೇಜಿನ ಕೆಳಗಿನ ಕ್ಯಾಬಿನೆಟ್ಟಿನ ಸದ್ದು ಮುಚ್ಚಿಹೋಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದು ರಾತ್ರಿ ಫ್ಯಾನ್ ಆರಿಸಿದಾಗ ಅದು ಹೊರಗೆ ಬರುತ್ತದೆ. ಮೊದಲು ಗಾಳಿಯ ಸುಯ್ ಸದ್ದು. ಅದರ ಕೆಳಗೆ ಒಂದು ಗುಂಯ್. ಒಂದು ಸಲ ಕೇಳಿಸಿತು ಅಂದರೆ ಮುಗಿಯಿತು, ಆಮೇಲೆ ಬೇಡ ಅಂದರೂ ಕೇಳಿಸುತ್ತಲೇ ಇರುತ್ತದೆ.

ನನಗೆ ಇದು ಬರೀ ಕಿರಿಕಿರಿಯಾಗಿ ಉಳಿಯಲಿಲ್ಲ. ನಾನು ಮಕ್ಕಳ ಕತೆಗಳನ್ನು ಓದಿ ರೆಕಾರ್ಡ್ ಮಾಡುತ್ತೇನೆ. ಅದಕ್ಕೆ ಚಿತ್ರ ಕೂಡಿಸಿ ವಿಡಿಯೊ ಎಡಿಟ್ ಮಾಡುವುದೂ ನಾನೇ. ಎರಡೂ ಕೆಲಸ ಬೆಂಗಳೂರಿನ ಬಾಡಿಗೆ ಮನೆಯ ಒಂದೇ ರೂಮಿನಲ್ಲಿ ಆಗಬೇಕು. ಎಡಿಟಿಂಗ್‌ಗೆ ಶಕ್ತಿ ಇರುವ ಮೆಷಿನ್ ಬೇಕು. ಮೈಕ್ ಮುಂದೆ ಕೂತಾಗ ಅದೇ ಮೆಷಿನ್ ಸುಮ್ನೆ ಇರಬೇಕು. ರೆಕಾರ್ಡಿಂಗ್ ವೇಳೆ ಸೀಲಿಂಗ್ ಫ್ಯಾನ್ ಆರಿಸಬಹುದು, ಕಿಟಕಿ ಹಾಕಬಹುದು. ಕಂಪ್ಯೂಟರ್ ಆರಿಸುವ ಹಾಗಿಲ್ಲ, ರೆಕಾರ್ಡ್ ಮಾಡಿಕೊಳ್ಳುತ್ತಿರುವುದೇ ಅದು.

ಸದ್ದನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ತೆಗೆಯಬಹುದಲ್ಲ ಅಂತ ಬಹಳ ಜನ ಕೇಳುತ್ತಾರೆ. ತೆಗೆಯಬಹುದು. ಆದರೆ ಕಂಪ್ಯೂಟರಿನ ಒಳಗಿನ ಫ್ಯಾನಿನ ಗಾಳಿಸದ್ದು ಒಂದೇ ಸ್ವರದಲ್ಲಿ ಇರುವುದಿಲ್ಲ, ಕೆಳಗಿನಿಂದ ಮೇಲಿನವರೆಗೆ ಹರಡಿರುತ್ತದೆ. ನಮ್ಮ ಸ, ಶ, ಷ ಕೂಡ ಬಾಯಿಂದ ಬರುವ ಗಾಳಿಸದ್ದೇ. ಅದನ್ನು ಉಜ್ಜಿ ತೆಗೆಯುವಾಗ ಇವುಗಳ ಅಂಚೂ ಸವೆಯುತ್ತದೆ. 'ಸಿಂಹ ಗರ್ಜಿಸಿತು' ಅಂತ ಓದಿದರೆ, ಸಿಂಹಕ್ಕೆ ನೆಗಡಿ ಹಿಡಿದ ಹಾಗೆ ಕೇಳುತ್ತದೆ. ಕತೆ ಕೇಳುವ ಮಗುವಿಗೆ ಆ ಅಕ್ಷರಗಳು ಸ್ಪಷ್ಟವಾಗಿ ಸಿಗಬೇಕು ಅನ್ನುವುದು ನನಗೆ ತುಂಬಾ ಮುಖ್ಯ. ಹಾಗಾಗಿ ಸದ್ದು ಹುಟ್ಟುವ ಜಾಗದಲ್ಲೇ ಅದನ್ನು ಹಿಡಿಯಬೇಕು ಅಂತ ಹೊರಟೆ.

ಮಾವನ ಸ್ಕ್ರೂಡ್ರೈವರ್

ಆಗ ನನ್ನ ಹತ್ತಿರ ಹಳೆಯ ಕಂಪ್ಯೂಟರ್ ಇತ್ತು. ತಿಪಟೂರಿನಿಂದ ಸೋದರಮಾವ ಬಂದಿದ್ದರು. ಮಾವ ಜೀವಮಾನವೆಲ್ಲ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡಿದವರು. ತೆಂಗಿನ ತೋಟದವರು ಮೋಟಾರು ತಂದು ಇಳಿಸಿದರೆ, ಬಿಚ್ಚುವುದಕ್ಕೆ ಮುಂಚೆ ಒಂದು ಸಲ ಓಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಇರುವ ಕಡೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟು ಕೇಳುತ್ತಿದ್ದರು. ನಾನು ಸದ್ದಿನ ಕಷ್ಟ ಹೇಳಿಕೊಂಡೆ. "ಸ್ಕ್ರೂಡ್ರೈವರ್ ಇದೆಯೇನೋ?" ಅಂದರು.

ಮೇಜಿನ ಕೆಳಗೆ ಕೂತು ಕ್ಯಾಬಿನೆಟ್ಟಿನ ಮೂಲೆ ಮೂಲೆಗೂ ಸ್ಕ್ರೂಡ್ರೈವರ್ ಇಟ್ಟು ಕೇಳಿದರು. ಫ್ಯಾನ್ ಇದ್ದ ಹಿಂಬದಿ, ಪವರ್ ಸಪ್ಲೈ ಇದ್ದ ತಳ, ಆಮೇಲೆ ಪಕ್ಕದ ತಗಡು. ಅಲ್ಲಿ ನಿಂತರು. ಸ್ಕ್ರೂಡ್ರೈವರ್ ಕೆಳಗಿಟ್ಟು ಅಂಗೈಯನ್ನು ಆ ತಗಡಿನ ಮೇಲೆ ಒತ್ತಿದರು. ರೂಮಿನಲ್ಲಿದ್ದ ಗುಂಯ್ ಸದ್ದು ಪಟ್ಟನೆ ನಿಂತಿತು. ಕೈ ತೆಗೆದರು, ಮತ್ತೆ ಬಂತು. "ಬೇರಿಂಗ್ ಅಲ್ಲ ಕಣೋ, ಫ್ಯಾನೂ ಅಲ್ಲ. ಒಳಗೆ ಏನೋ ನಡುಗ್ತಿದೆ, ಅದು ತಗಡನ್ನ ಕುಣಿಸ್ತಿದೆ. ತಿರುಗೋದು ಇನ್ನೇನಿದೆ ಒಳಗೆ?" ಇದ್ದದ್ದು ಹಾರ್ಡ್ ಡಿಸ್ಕ್. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಅಂದರೆ ಸೆಕೆಂಡಿಗೆ 120 ಸುತ್ತು. ಆ ನಡುಕ ಸ್ಕ್ರೂಗಳ ಮೂಲಕ ತೆಳು ತಗಡಿಗೆ ಇಳಿದು, ತಗಡು ಸ್ಪೀಕರಿನ ಕೆಲಸ ಮಾಡುತ್ತಿತ್ತು. ಮಾವ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಡಿಸ್ಕಿನ ಕೆಳಗೂ ಪಕ್ಕಕ್ಕೂ ಕೊಟ್ಟರು. ಸ್ಕ್ರೂ ಹಾಕಬೇಡ, ರಬ್ಬರಿನ ಮೇಲೆ ಸುಮ್ನೆ ಕೂರಲಿ ಅಂದರು. ಗುಂಯ್ ಅನ್ನುವುದರಲ್ಲಿ ಮುಕ್ಕಾಲು ಪಾಲು ಅಲ್ಲೇ ಹೋಯಿತು.

ಆ ದಿನದಿಂದ ನನಗೆ ಸದ್ದು ಅಂದರೆ ಒಂದೇ ರಾಶಿಯಾಗಿ ಕಾಣುವುದಿಲ್ಲ. ಯಾವುದು ಗಾಳಿಯ ಸದ್ದು, ಯಾವುದು ನಡುಕ, ಯಾವುದು ಕರೆಂಟಿನ ಕೀರಲು ಅಂತ ಬಿಡಿಸಿ ಕೇಳುತ್ತೇನೆ. ಹಾಗೆ ಬಿಡಿಸದೆ ದುಬಾರಿ ಫ್ಯಾನ್ ಕೊಂಡರೆ ಪ್ರಯೋಜನ ಆಗುವುದಿಲ್ಲ. ನಡುಗುವ ತಗಡಿಗೆ ಯಾವ ಫ್ಯಾನೂ ಔಷಧಿ ಅಲ್ಲ. ನಿಮ್ಮ ಮೆಷಿನ್‌ನಲ್ಲೂ ನೋಡಿ. ಟಿಷ್ಯೂ ರೋಲ್ ಒಳಗಿರುವ ರಟ್ಟಿನ ಕೊಳವೆ ಕಿವಿಗೆ ಇಟ್ಟುಕೊಂಡು ಒಂದೊಂದೇ ಜಾಗ ಕೇಳಬಹುದು. ಒಂದೊಂದೇ ಫ್ಯಾನನ್ನು ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪರದೆ) ಒಂದು ಗಳಿಗೆ ನಿಲ್ಲಿಸಿ, ಏನು ಕಮ್ಮಿ ಆಯಿತು ಅಂತ ಗಮನಿಸಬಹುದು.

ಮೊದಲು ವ್ಯಾಟ್, ಆಮೇಲೆ ಉಳಿದದ್ದು

ಹೊಸ ಮೆಷಿನ್ ಕಟ್ಟುವಾಗ ಎಲ್ಲರೂ ಪ್ರೊಸೆಸರ್ ಅನ್ನುವ ಮುಖ್ಯ ಚಿಪ್ಪನ್ನು ತಣ್ಣಗಿಡುವ ಕೂಲರ್ ಯಾವುದು, ಫ್ಯಾನ್ ಯಾವುದು ಅಂತ ಶುರು ಮಾಡುತ್ತಾರೆ. ನಾನು ಅದಕ್ಕಿಂತ ಒಂದು ಹೆಜ್ಜೆ ಹಿಂದೆ ಹೋದೆ. ಕಂಪ್ಯೂಟರ್ ಎಳೆಯುವ ಒಂದೊಂದು ವ್ಯಾಟೂ ಕೊನೆಗೆ ಶಾಖವಾಗಿ ರೂಮಿಗೆ ಬರುತ್ತದೆ. ಶಾಖ ಹೊರಗೆ ಹಾಕಲು ಗಾಳಿ ಬೇಕು. ಗಾಳಿ ಓಡಿಸಿದರೆ ಸದ್ದು. ಹಾಗಾಗಿ ಎಷ್ಟು ವ್ಯಾಟ್ ಅನ್ನುವುದು ತೀರ್ಮಾನ ಆದ ಕೂಡಲೇ, ಎಷ್ಟು ಸದ್ದು ಅನ್ನುವುದೂ ಹೆಚ್ಚುಕಮ್ಮಿ ತೀರ್ಮಾನ ಆಗಿಬಿಟ್ಟಿರುತ್ತದೆ.

ಎಎಂಡಿಯ ಎರಡು ಪ್ರೊಸೆಸರ್ ಪಕ್ಕಪಕ್ಕ ಇಟ್ಟು ನೋಡಿ. ರೈಜೆನ್ 9 7900ಎಕ್ಸ್ ಮತ್ತು ರೈಜೆನ್ 9 7900. ಮೊದಲನೆಯದು 2022ರಲ್ಲಿ ಬಂತು, ಎರಡನೆಯದು 2023ರ ಜನವರಿಯಲ್ಲಿ. ಎರಡರಲ್ಲೂ 12 ಕೋರ್, ಅಂದರೆ ಲೆಕ್ಕ ಮಾಡುವ ಭಾಗಗಳು. ಗರಿಷ್ಠ ವೇಗ ಒಂದಕ್ಕೆ 5.6 ಗಿಗಾಹರ್ಟ್ಸ್, ಇನ್ನೊಂದಕ್ಕೆ 5.4. ಅಂತರ ಇಷ್ಟು ಸಣ್ಣದು. ಆದರೆ ಪೂರ್ತಿ ದುಡಿಯುವಾಗ ಮೊದಲನೆಯದಕ್ಕೆ 230 ವ್ಯಾಟ್‌ವರೆಗೆ ಎಳೆಯಲು ಬಿಟ್ಟಿದ್ದಾರೆ, ಎರಡನೆಯದಕ್ಕೆ 88 ವ್ಯಾಟ್ ಮಾತ್ರ. ಹತ್ತು ನಿಮಿಷದ ರೆಂಡರ್ (ಎಡಿಟ್ ಮಾಡಿದ್ದನ್ನು ಕೊನೆಯ ವಿಡಿಯೊ ಫೈಲಾಗಿ ಮಾಡುವ ಕೆಲಸ) ಹನ್ನೊಂದೋ ಹನ್ನೆರಡೋ ನಿಮಿಷ ಆಗಬಹುದು. ಅಷ್ಟಕ್ಕೆ ಶಾಖ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ! ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ನನಗೆ ನಿಜವಾಗಿಯೂ ಖುಷಿಯಾಯಿತು.

ಹೀಗೇಕೆ ಆಗುತ್ತೆ ಅಂದರೆ, ಚಿಪ್ಪಿನ ವೇಗ ಏರಿಸಲು ವೋಲ್ಟೇಜೂ ಏರಿಸಬೇಕು. ಶಾಖ ವೇಗದ ಜೊತೆ ಅದೇ ಪ್ರಮಾಣದಲ್ಲಿ ಏರುತ್ತದೆ, ಅದರ ಮೇಲೆ ವೋಲ್ಟೇಜಿನ ವರ್ಗದ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲೂ ಏರುತ್ತದೆ. ಎರಡನ್ನೂ ನೂರಕ್ಕೆ ಹತ್ತು ಜಾಸ್ತಿ ಮಾಡಿದರೆ ಶಾಖ ನೂರಕ್ಕೆ ಮೂವತ್ಮೂರು ಜಾಸ್ತಿ. ಕೊನೆಯ ಚೂರು ವೇಗ ತುಂಬಾ ದುಬಾರಿ. ಕಂಪನಿಗಳು ಆ ಕೊನೆಯ ಚೂರನ್ನೂ ಹಿಂಡಿ ಪೆಟ್ಟಿಗೆಯ ಮೇಲೆ ದೊಡ್ಡ ಸಂಖ್ಯೆ ಬರೆಯುತ್ತಾರೆ. ಅದನ್ನು ವಾಪಸ್ ಕೊಡುವ ದಾರಿಯೂ ಒಳಗೇ ಇದೆ. ಎಎಂಡಿಯಲ್ಲಿ ಅದು ಇಕೋ ಮೋಡ್, ಬಯೋಸ್‌ನಲ್ಲಿ ಒಂದು ಆಯ್ಕೆ. ಗರಿಷ್ಠ 253 ವ್ಯಾಟ್ ಅಂತ ಬರುವ ಇಂಟೆಲ್ ಕೋರ್ ಐ9-13900ಕೆಗೂ ಬಯೋಸ್‌ನಲ್ಲಿ ಮಿತಿ ಹಾಕಬಹುದು. ಈಗಾಗಲೇ ಬಿಸಿ ಪ್ರೊಸೆಸರ್ ಕೊಂಡಿರುವವರು ಹೊಸ ಕೂಲರ್ ಹುಡುಕುವ ಮುಂಚೆ ಇದನ್ನು ಮಾಡಿ ನೋಡಲಿ. ಒಂದು ಪೈಸೆ ಖರ್ಚಿಲ್ಲ. ನಾನು 7900 ಆರಿಸಿದೆ.

ಎಸ್.ಪಿ. ರೋಡಿನ ಒಂದು ಮಧ್ಯಾಹ್ನ

ಪಾರ್ಟ್ಸ್ ತರಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿಗೆ ಹೋಗಿದ್ದೆ. ಆನ್‌ಲೈನ್‌ನಲ್ಲಿ ಎಲ್ಲ ಸಿಗುತ್ತದೆ, ಆದರೆ ಕೂಲರ್ ಮತ್ತು ಕ್ಯಾಬಿನೆಟ್ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಲು ನನಗೆ ಇಷ್ಟವಿಲ್ಲ. ಅಂಗಡಿಯವರು ನನ್ನ ಚೀಟಿ ನೋಡಿದರು. "ಸರ್, ಹನ್ನೆರಡು ಕೋರ್ ಹಾಕ್ತಿದೀರ, ಏರ್ ಕೂಲರ್ ಯಾಕೆ? 360ರ ಲಿಕ್ವಿಡ್ ಹಾಕ್ಕೊಳ್ಳಿ. ಲೈಟೂ ಬರುತ್ತೆ." ಅಂದರೆ 360 ಮಿ.ಮೀ. ರೇಡಿಯೇಟರ್ ಇರುವ, ಕೊಳವೆಯಲ್ಲಿ ನೀರು ಹರಿಸಿ ತಣಿಸುವ ಕೂಲರ್.

"ಲೈಟ್ ಬೇಡ ಅಣ್ಣ. ಸದ್ದಾಗಬಾರದು, ಅಷ್ಟೇ."

"ಲಿಕ್ವಿಡ್ ಅಂದ್ರೆ ಸೈಲೆಂಟೇ ಅಲ್ವಾ ಸರ್?"

ಅಲ್ಲೇ ಶೋಗೆ ಇಟ್ಟಿದ್ದ ಒಂದು ಲಿಕ್ವಿಡ್ ಕೂಲರ್ ಮೆಷಿನ್ ಓಡುತ್ತಿತ್ತು. ಕೇಳಿಸಿಕೊಳ್ಳಬಹುದಾ ಅಂತ ಕೇಳಿದೆ. ಆ ಬೀದಿಯ ಗಲಾಟೆ ನಿಮಗೆ ಗೊತ್ತು. ಅವರು ಬೇಜಾರು ಮಾಡಿಕೊಳ್ಳದೆ ಗಾಜಿನ ಬಾಗಿಲು ಎಳೆದರು, ಅಂಗಡಿಯ ಫ್ಯಾನ್ ಆರಿಸಿದರು. ಇಬ್ಬರೂ ಬಗ್ಗಿ ಕಿವಿ ಕೊಟ್ಟೆವು. ಫ್ಯಾನುಗಳು ಮೆಲ್ಲಗೇ ತಿರುಗುತ್ತಿದ್ದವು. ಅದರ ಒಳಗಿಂದ ತೆಳ್ಳಗೆ, ಬಿಡುವಿಲ್ಲದೆ, ಒಂದೇ ಸ್ವರ ಬರುತ್ತಿತ್ತು. ನೀರು ತಿರುಗಿಸುವ ಪಂಪು. "ಹೌದಲ್ಲ ಸರ್, ಇಷ್ಟು ದಿನ ಇದನ್ನ ಗಮನಿಸೇ ಇರ್ಲಿಲ್ಲ" ಅಂದರು. ಆಮೇಲೆ ತಾವೇ ಒಳಗೆ ಹೋಗಿ, ತಾಮ್ರದ ಕೊಳವೆಗಳಿಗೆ ಲೋಹದ ರೆಕ್ಕೆ ಜೋಡಿಸಿದ ಎರಡು ಗೋಪುರದ ಏರ್ ಕೂಲರ್ ತಂದು ಮುಂದೆ ಇಟ್ಟರು.

ಲಿಕ್ವಿಡ್ ಕೂಲರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. 230 ವ್ಯಾಟ್ ಪ್ರೊಸೆಸರ್ ಪೂರ್ತಿ ದುಡಿಸುವವರಿಗೆ ಅದರಿಂದ ಅನುಕೂಲ ಇದೆ. ಆದರೆ ನೀರು ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ ಅಷ್ಟೇ. ಕೊನೆಗೆ ರೇಡಿಯೇಟರಿಗೂ ಫ್ಯಾನೇ ಬೇಕು. ಏರ್ ಕೂಲರಿನಲ್ಲೂ ನೀರೇ ಕೆಲಸ ಮಾಡುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಆ ತಾಮ್ರದ ಕೊಳವೆಗಳ ಒಳಗೆ ಗಾಳಿ ತೆಗೆದು ಕೆಲವು ಹನಿ ನೀರು ಬಿಟ್ಟಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಅದು ನೂರು ಡಿಗ್ರಿಗೆ ಎಷ್ಟೋ ಕೆಳಗೇ ಆವಿಯಾಗುತ್ತದೆ. ಇಡ್ಲಿ ಪಾತ್ರೆಯ ಹಬೆ ಮುಚ್ಚಳಕ್ಕೆ ತಾಗಿ ನೀರಾಗುತ್ತಲ್ಲ, ಹಾಗೆ ರೆಕ್ಕೆಗಳ ಕಡೆ ಹೋಗಿ ಶಾಖ ಬಿಟ್ಟುಕೊಟ್ಟು ನೀರಾಗುತ್ತದೆ. ಕೊಳವೆಯ ಒಳಗೋಡೆಯಲ್ಲಿರುವ ಸಣ್ಣ ರಂಧ್ರಗಳ ಪದರ ಆ ನೀರನ್ನು ಮತ್ತೆ ಬಿಸಿ ಕಡೆಗೆ ಎಳೆದುಕೊಳ್ಳುತ್ತದೆ. ಪಂಪಿಲ್ಲ, ಕೆಟ್ಟುಹೋಗುವ ಭಾಗವಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ 1963ರಲ್ಲಿ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದರು. ನನ್ನ ಕಣ್ಣಿಗೆ ಇಡೀ ಕಂಪ್ಯೂಟರಿನಲ್ಲೇ ಇದಕ್ಕಿಂತ ಚಂದದ ವಸ್ತು ಇಲ್ಲ.

ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಚ್-ಡಿ15 ತುಂಬಾ ಹೆಸರುವಾಸಿ. ಎರಡು 140 ಮಿ.ಮೀ. ಫ್ಯಾನ್, ಫ್ಯಾನ್ ಸೇರಿ 1.3 ಕೆ.ಜಿ. ತೂಕ, 165 ಮಿ.ಮೀ. ಎತ್ತರ. ಕೊಳ್ಳುವ ಮುಂಚೆ ಕ್ಯಾಬಿನೆಟ್ಟಿನ ಅಗಲ ಅಳೆಯಲೇಬೇಕು, ಇಲ್ಲದಿದ್ದರೆ ಬಾಗಿಲು ಮುಚ್ಚುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದು ನೋಡಿದೆ, ಆಸೆಯೂ ಆಯಿತು. ಆದರೆ ನನ್ನದು 88 ವ್ಯಾಟ್. ಅದಕ್ಕೆ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್ಇ ಧಾರಾಳ ಸಾಕು. ಅದರಲ್ಲೂ ಎರಡು ಗೋಪುರ, ಆರು ಕೊಳವೆ, ಬೆಲೆ ತುಂಬಾ ಕಡಿಮೆ. ಉಳಿದ ದುಡ್ಡನ್ನು ಕ್ಯಾಬಿನೆಟ್ ಫ್ಯಾನಿಗೆ ಹಾಕಿದೆ.

ಮೆಲ್ಲಗೆ ತಿರುಗುವ ದೊಡ್ಡ ಫ್ಯಾನ್

ಫ್ಯಾನಿನ ಗಣಿತ ನಮ್ಮ ಕಡೆಗೇ ಇದೆ. ವೇಗ ಅರ್ಧ ಮಾಡಿದರೆ ಗಾಳಿಯೂ ಅರ್ಧ ಆಗುತ್ತದೆ. ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧ ಆದಂತೆ ಅನಿಸುತ್ತದೆ. ಈಗ ಅದೇ ಥರದ ಇನ್ನೊಂದು ಫ್ಯಾನ್ ಸೇರಿಸಿ. ಎರಡು ಸಮಾನ ಸದ್ದು ಕೂಡಿದರೆ 3 ಡೆಸಿಬೆಲ್ ಮಾತ್ರ ಏರುತ್ತದೆ. ಅಂದರೆ ಒಂದು ಫ್ಯಾನ್ ಜೋರಾಗಿ ಓಡಿಸುವ ಬದಲು ಎರಡನ್ನು ಅರ್ಧ ವೇಗದಲ್ಲಿ ಓಡಿಸಿದರೆ, ಹೆಚ್ಚುಕಮ್ಮಿ ಅಷ್ಟೇ ಗಾಳಿ, 12 ಡೆಸಿಬೆಲ್ ಕಡಿಮೆ ಸದ್ದು. ಹಾಗಾಗಿ ಮುಂದೆ ಎರಡು, ಹಿಂದೆ ಒಂದು, ಮೂರೂ 140 ಮಿ.ಮೀ. ಎಲ್ಲವೂ ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನುಗಳು, ಅಂದರೆ ಕಂಪ್ಯೂಟರೇ ವೇಗ ಹೊಂದಿಸುವಂಥವು, ವೇಗ ಚೆನ್ನಾಗಿ ಕೆಳಗಿಳಿಯುತ್ತದೆ.

ಮೆಲ್ಲಗೆ ತಿರುಗುವ ಫ್ಯಾನಿಗೆ ಬಲ ಕಡಿಮೆ. ಅದರ ಮುಂದೆ ಅಡ್ಡ ಇರಬಾರದು. ಒಳಗೆ ಫೋಮ್ ಹಚ್ಚಿ, ಮುಂಭಾಗ ಪೂರ್ತಿ ಮುಚ್ಚಿದ 'ಸೈಲೆಂಟ್' ಕ್ಯಾಬಿನೆಟ್‌ಗಳಿವೆ. ಸ್ವೀಡನ್ನಿನ ಫ್ರ್ಯಾಕ್ಟಲ್ ಡಿಸೈನ್‌ನವರ ಡಿಫೈನ್ ಸರಣಿ ಇದಕ್ಕೇ ಹೆಸರು ಮಾಡಿತು. ಹಾರ್ಡ್ ಡಿಸ್ಕ್ ತುಂಬಿದ ಮೆಷಿನ್‌ಗೆ ಅದು ಸರಿ. ನನಗೆ ಮುಂದೆ ಪೂರ್ತಿ ಜಾಲರಿ ಇರುವ ಕ್ಯಾಬಿನೆಟ್ಟೇ ಒಪ್ಪಿಗೆ. ಒಳಗಿನ ಸದ್ದು ಹೊರಗೆ ಬರುತ್ತೆ ನಿಜ, ಆದರೆ ಒಳಗೆ ಸದ್ದೇ ಇಲ್ಲದಿದ್ದರೆ ಬರುವುದೇನು? ಹಾರ್ಡ್ ಡಿಸ್ಕನ್ನು ಹಾಲ್‌ನಲ್ಲಿರುವ ಹಳೆಯ ಕಂಪ್ಯೂಟರಿಗೆ ಹಾಕಿ, ಲ್ಯಾನ್ ವೈರ್ ಎಳೆದುಕೊಂಡಿದ್ದೇನೆ. ಹೊಸದರಲ್ಲಿ ಇರುವುದು ಎನ್‌ವಿಎಂಇ ಎಸ್‌ಎಸ್‌ಡಿ ಮಾತ್ರ, ಅದು ಫೈಲುಗಳನ್ನು ಚಿಪ್ಪಿನಲ್ಲಿ ಇಡುತ್ತದೆ, ತಿರುಗುವ ಭಾಗವೇ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಫ್ಯಾನ್ ಕರ್ವ್, ಅಂದರೆ ಎಷ್ಟು ಉಷ್ಣತೆಗೆ ಫ್ಯಾನ್ ಎಷ್ಟು ವೇಗ ಅನ್ನುವ ಸೆಟ್ಟಿಂಗ್. ಬ್ರೌಸರ್ ತೆರೆದರೆ ಸಾಕು, ಪ್ರೊಸೆಸರಿನ ಉಷ್ಣತೆ ಒಂದು ಸೆಕೆಂಡಿನಲ್ಲಿ 45ರಿಂದ 65ಕ್ಕೆ ಜಿಗಿದು ಇಳಿಯುತ್ತದೆ. ಅಷ್ಟರಲ್ಲಿ ಕೂಲರಿನ ಲೋಹ ಬಿಸಿಯೂ ಆಗಿರುವುದಿಲ್ಲ. ಆದರೂ ಮದರ್‌ಬೋರ್ಡ್ ಕಂಪನಿಯವರು ಕೊಟ್ಟಿರುವ ಸೆಟ್ಟಿಂಗ್‌ನಲ್ಲಿ ಫ್ಯಾನ್ ಬೆಚ್ಚಿಬಿದ್ದು ಜೋರಾಗುತ್ತದೆ, ಮತ್ತೆ ಇಳಿಯುತ್ತದೆ. ಒಂದೇ ಸಮನೆ ಇರುವ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ. ಏರಿಳಿಯುವ ಸದ್ದು ಪ್ರತಿ ಸಲ ಗಮನ ಎಳೆಯುತ್ತದೆ. ಬಯೋಸ್‌ನಲ್ಲಿ ಫ್ಯಾನ್ ಪ್ರತಿಕ್ರಿಯೆಗೆ ತಡ ಹಾಕುವ ಆಯ್ಕೆ ಇರುತ್ತದೆ. ಅದನ್ನು ಕೆಲವು ಸೆಕೆಂಡಿಗೆ ಇಟ್ಟು, 70 ಡಿಗ್ರಿವರೆಗೆ ಕರ್ವ್ ಚಪ್ಪಟೆ ಮಾಡಿದೆ. ಈ ಪೀಳಿಗೆಯ ರೈಜೆನ್‌ಗೆ ಎಎಂಡಿ ಕೊಟ್ಟಿರುವ ಮಿತಿ 95 ಡಿಗ್ರಿ. ರೆಂಡರ್ ವೇಳೆ 75, 80 ತೋರಿಸಿದರೆ ಹೆದರುವ ಅಗತ್ಯವೇ ಇಲ್ಲ. ಪರದೆಯ ಮೂಲೆಯಲ್ಲಿ ಉಷ್ಣತೆಯ ಅಂಕಿ ಇಟ್ಟುಕೊಂಡು ದಿನವೆಲ್ಲ ಅದನ್ನೇ ನೋಡುವವರು ದಯವಿಟ್ಟು ಅದನ್ನು ತೆಗೆದುಬಿಡಿ.

ಗ್ರಾಫಿಕ್ಸ್ ಕಾರ್ಡು, ಮತ್ತು ಕರೆಂಟು

ಗ್ರಾಫಿಕ್ಸ್ ಕಾರ್ಡಿಗೂ ವ್ಯಾಟಿನ ಲೆಕ್ಕವೇ. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಅಂದರೆ 450 ವ್ಯಾಟ್, ಆರ್‌ಟಿಎಕ್ಸ್ 4070 ಅಂದರೆ 200. ನಾನು 4070 ತೆಗೆದುಕೊಂಡೆ, ಅದರಲ್ಲೂ ದಪ್ಪ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ರೆಕ್ಕೆಗಳು), ಮೂರು ಫ್ಯಾನ್ ಇರುವುದನ್ನು. ಮೈಕ್ ಮುಂದೆ ಓದುವಾಗ ಅದಕ್ಕೆ ಕೆಲಸವಿಲ್ಲ, ಫ್ಯಾನುಗಳು ನಿಂತೇ ಇರುತ್ತವೆ. ಪವರ್ ಸಪ್ಲೈ 750 ವ್ಯಾಟಿನದು. ನನ್ನ ಮೆಷಿನ್ ಪೂರ್ತಿ ದುಡಿದರೂ 350ರ ಆಸುಪಾಸು. ಇಷ್ಟು ದೊಡ್ಡದು ಯಾಕೆ ಅಂತ ಅಂಗಡಿಯಲ್ಲೂ ಕೇಳಿದರು. ಅರ್ಧ ಹೊರೆಯಲ್ಲಿ ಅದರ ದಕ್ಷತೆ ಹೆಚ್ಚು, ಶಾಖ ಕಡಿಮೆ. ಹೊರೆ ಕಮ್ಮಿ ಇದ್ದಾಗ ಅದರ ಫ್ಯಾನ್ ತಿರುಗುವುದೇ ಇಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ಕೀರಲು ಸದ್ದು ಉಳಿಯಿತು. ಕಾಯಿಲ್ ವೈನ್ ಅನ್ನುತ್ತಾರೆ. ಕಾರ್ಡಿನ ಮೇಲಿನ ಸಣ್ಣ ಸುರುಳಿಗಳಲ್ಲಿ ಕರೆಂಟ್ ಏರಿಳಿದಾಗ ಅವು ನಡುಗಿ ಬರುವ ಸದ್ದು. ಕಂಪ್ಯೂಟರಿನಲ್ಲಿ ಆಟ ಆಡುವವರು ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಅಂತ ಮಿತಿ ಹಾಕಿದರೆ ಇದು ತುಂಬಾ ಕಮ್ಮಿಯಾಗುತ್ತದೆ. ನನಗೆ ಇದು ರೆಂಡರ್ ವೇಳೆ ಮಾತ್ರ ಬರುತ್ತದೆ, ಆಗ ಮೈಕ್ ಆರಿಸಿರುತ್ತೇನೆ. ಕರೆಂಟ್ ಹೋಗಿ ಮನೆ ಇನ್ವರ್ಟರಿಗೆ ಬಂದಾಗ ಮಾತ್ರ ಪಾಡು ಬೇರೆ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಸೀಲಿಂಗ್ ಫ್ಯಾನ್ ಗುಂಯ್ ಅನ್ನುತ್ತಲ್ಲ, ಕಂಪ್ಯೂಟರಿನ ಪವರ್ ಸಪ್ಲೈ ಕೂಡ ಹಾಗೇ ಅನ್ನುತ್ತದೆ. ಸೈನ್ ವೇವ್ ಇನ್ವರ್ಟರ್ ಹಾಕಿಸಿದರೆ ಎರಡೂ ನಿಲ್ಲುತ್ತವೆ.

ಕಲಬುರಗಿಯ ಫೋನು

ನನ್ನ ಪಟ್ಟಿಯನ್ನೇ ಹಿಡಿದು ಕಲಬುರಗಿಯ ಗೆಳೆಯ ಒಬ್ಬ ಮೆಷಿನ್ ಕಟ್ಟಿದ. ಅವನದು ಮದುವೆ ವಿಡಿಯೊ ಎಡಿಟಿಂಗ್. ಏಪ್ರಿಲ್‌ನಲ್ಲಿ ಫೋನು ಬಂತು. "ತೊಂಬತ್ತರ ಹತ್ರ ತೋರಸ್ಲಿಕತ್ತದ ನೋಡಪಾ. ಸುಟ್ಟು ಹೋಗ್ತದೇನು?"

ಯಾವ ಕೂಲರೂ ರೂಮಿನ ಗಾಳಿಗಿಂತ ತಣ್ಣಗೆ ಮಾಡಲಾರದು. ಒಂದೇ ಹೊರೆ, ಒಂದೇ ಫ್ಯಾನ್ ವೇಗ ಅಂದರೆ ಬದಲಾಗದೆ ಉಳಿಯುವುದು ಅಂತರ ಮಾತ್ರ. ಬೆಂಗಳೂರಿನ 26 ಡಿಗ್ರಿ ರೂಮಿನಲ್ಲಿ 75 ತೋರಿಸುವ ಪ್ರೊಸೆಸರ್, 40 ಡಿಗ್ರಿ ರೂಮಿನಲ್ಲಿ 89 ತೋರಿಸುತ್ತದೆ. ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ 40 ದಾಟುವುದು ಮಾಮೂಲು. ಹೊರದೇಶದವರು ಬರೆದ ಸಲಹೆಗಳಲ್ಲಿ ರೂಮು 20, 22 ಡಿಗ್ರಿ ಅಂತ ಹಿಡಿದಿರುತ್ತಾರೆ. ಅದನ್ನು ಹಾಗೇ ತಂದು ನಮ್ಮಲ್ಲಿ ಕೂರಿಸಿದರೆ ಲೆಕ್ಕ ತಪ್ಪುತ್ತದೆ. ಅವನಿಗೆ ಎರಡು ಕರ್ವ್ ಮಾಡಿಸಿದೆ, ಬೇಸಿಗೆಗೆ ಒಂದು, ಉಳಿದ ದಿನಕ್ಕೆ ಒಂದು. ಬೇಸಿಗೆಯದು ಸ್ವಲ್ಪ ಸದ್ದು ಮಾಡುತ್ತದೆ. ಆ ತಿಂಗಳುಗಳಲ್ಲಿ ತಲೆಯ ಮೇಲೆ ಫ್ಯಾನ್ ಹೇಗೂ ಜೋರಾಗಿಯೇ ಇರುತ್ತದೆ. ಗ್ರಾಫಿಕ್ಸ್ ಕಾರ್ಡಿನ ಪವರ್ ಮಿತಿಯನ್ನು ನೂರಕ್ಕೆ ಎಪ್ಪತ್ತಕ್ಕೆ ಇಳಿಸಿದ, ಅಂದರೆ 140 ವ್ಯಾಟ್. ದೊಡ್ಡ ರೆಂಡರ್‌ಗಳನ್ನು ರಾತ್ರಿಗೆ ಬಿಡುತ್ತಾನೆ.

ಅವನಿಗೆ ಶಾಖಕ್ಕಿಂತ ದೊಡ್ಡ ಕಾಟ ಧೂಳು. ಜಾಲರಿ ಕ್ಯಾಬಿನೆಟ್ಟಿನ ಫಿಲ್ಟರ್ ಅಲ್ಲಿ ಕೆಲವೇ ವಾರದಲ್ಲಿ ಕಂಬಳಿಯಾಗುತ್ತದೆ. ಗಾಳಿ ಸಿಗದೆ ಫ್ಯಾನ್ ಜೋರಾಗುತ್ತದೆ, ಸದ್ದು ಏಕಾಏಕಿ ಏರಿತು ಅನಿಸುತ್ತದೆ. ಒಳಗೆ ತಳ್ಳುವ ಫ್ಯಾನ್ ಹೊರಗೆ ಎಳೆಯುವುದಕ್ಕಿಂತ ಜಾಸ್ತಿ ಇದ್ದರೆ, ಸಂದುಗಳಿಂದ ಧೂಳು ನುಗ್ಗದೆ ಫಿಲ್ಟರಿನಲ್ಲೇ ನಿಲ್ಲುತ್ತದೆ. ಆ ಫಿಲ್ಟರನ್ನು ತಿಂಗಳಿಗೊಮ್ಮೆ ಬಿಚ್ಚಿ, ನಲ್ಲಿ ಕೆಳಗೆ ಹಿಡಿದು ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ವಾಪಸ್ ಹಾಕಬೇಕು. ಒಳಗೆ ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು, ಗಾಳಿಗೆ ಅದು ಬೇಕಾಬಿಟ್ಟಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಇದನ್ನು ಅವನಿಗೆ ಹೇಳಿಕೊಟ್ಟದ್ದು ನಾನಲ್ಲ, ತಿಪಟೂರಿನ ಮಾವ, ಫೋನಿನಲ್ಲಿ.